ಅಷ್ಟೊಂದು ಪರದೆಗಳ ಹಿಂದೆ ಕುಳಿತು ನೋಡುವವರು ಯಾರು?

ಪ್ರಶ್ನೆ: ಇತ್ತೀಚೆಗೆ ಜಾರ್ಜ್ ಆರ್ವೆಲ್ ಅವರ '1984' ಕಾದಂಬರಿಯನ್ನು ಓದಿ ಮುಗಿಸಿದೆ. ಮನೆಮನೆಯಲ್ಲೂ ಹಗಲಿರುಳು ನೋಡುವ, ಕೇಳಿಸಿಕೊಳ್ಳುವ ಪರದೆ ಇರುತ್ತದೆ ಎಂದರೆ ಅವುಗಳ ಹಿಂದೆ ಕುಳಿತು ಗಮನಿಸುವುದಕ್ಕೆ ಎಷ್ಟು ಜನ ಬೇಕಾದಾರು? ಇದು ನಡೆಯದ ಮಾತು ಅನ್ನಿಸಿ ಕಾದಂಬರಿಯ ಮೇಲಿನ ನಂಬಿಕೆಯೇ ಸ್ವಲ್ಪ ಸಡಿಲವಾಯಿತು. ಅಲ್ಲದೆ ಇಂದು ನಮ್ಮ ವಿವರಗಳನ್ನು ಯಾರ ಬಲವಂತವೂ ಇಲ್ಲದೆ ನಾವೇ ಕೊಡುತ್ತಿದ್ದೇವೆ. ಹಾಗಿದ್ದರೆ ಆರ್ವೆಲ್ ಎಣಿಸಿದ್ದು ತಪ್ಪಿ, 'ಬ್ರೇವ್ ನ್ಯೂ ವರ್ಲ್ಡ್' ಬರೆದ ಆಲ್ಡಸ್ ಹಕ್ಸ್‌ಲಿ ಎಣಿಸಿದ್ದು ನಿಜವಾಯಿತೆ? ಈ ಬಗೆಯ ಕಾದಂಬರಿಗಳನ್ನು ಯಾವ ಕ್ರಮದಲ್ಲಿ ಓದುವುದು ಒಳ್ಳೆಯದು?

ಉತ್ತರ: ನಿಮ್ಮ ಮೊದಲ ಸಂದೇಹ ಕಾದಂಬರಿಯ ನಾಯಕ ವಿನ್‌ಸ್ಟನ್ ಸ್ಮಿತ್‌ನಿಗೂ ಬಂದದ್ದೇ. ಯಾವ ಗಳಿಗೆಯಲ್ಲಿ ಯಾರ ಮನೆಯ ಪರದೆಯನ್ನು ಗಮನಿಸುತ್ತಾರೆ ಎಂಬುದನ್ನು ತಿಳಿಯುವ ದಾರಿಯೇ ಇಲ್ಲವೆಂದು ಕಾದಂಬರಿಯ ಆರಂಭದ ಪುಟಗಳಲ್ಲೇ ಆತ ಯೋಚಿಸುತ್ತಾನೆ; ಎಲ್ಲರನ್ನೂ ಎಲ್ಲ ಹೊತ್ತೂ ನೋಡುತ್ತಿರಬಹುದು, ಯಾರನ್ನೂ ನೋಡದೆಯೂ ಇರಬಹುದು. ಈ ಲೆಕ್ಕ ಬಗೆಹರಿಯದೆ ಉಳಿಯುವುದರಲ್ಲೇ ಆ ವ್ಯವಸ್ಥೆಯ ಬಲವಿದೆ. ಬೆಳಗಿನ ವ್ಯಾಯಾಮದ ಪ್ರಸಂಗವನ್ನು ಇನ್ನೊಮ್ಮೆ ಓದಿ ನೋಡಿ. ಪರದೆಯ ಮೇಲಿನ ಶಿಕ್ಷಕಿಯನ್ನು ಅನುಸರಿಸಿ ಮೈ ಬಗ್ಗಿಸುತ್ತ, ಮನಸ್ಸನ್ನು ಎಲ್ಲಿಯೋ ಅಲೆಯಲು ಬಿಟ್ಟಿದ್ದ ವಿನ್‌ಸ್ಟನ್‌ನನ್ನು ಆಕೆ ಥಟ್ಟನೆ 6079 ಎಂಬ ಅವನ ಸಂಖ್ಯೆ ಹಿಡಿದು ಕರೆದು, ಇನ್ನೂ ಕೆಳಕ್ಕೆ ಬಗ್ಗಬೇಕೆಂದು ಗದರುತ್ತಾಳೆ. ನೋಡುವವರು ಇದ್ದಾರೆ ಎಂಬುದಕ್ಕೆ ಹೀಗೆ ಒಂದು ಪುರಾವೆ ಸಿಕ್ಕರೆ ಸಾಕು. ಮುಂದಿನ ಸಾವಿರ ಬೆಳಗುಗಳಲ್ಲಿ ಯಾರೂ ನೋಡದಿದ್ದರೂ ಆತ ತಪ್ಪದೆ ಬಗ್ಗುತ್ತಾನೆ.

ಜನಸಂಖ್ಯೆಯ ಲೆಕ್ಕದಲ್ಲಿಯೂ ಆರ್ವೆಲ್ ಅಜಾಗರೂಕರಲ್ಲ. ಕಾದಂಬರಿಯ ದೇಶವಾದ ಓಷಿಯಾನಿಯದ ಜನರಲ್ಲಿ ನೂರಕ್ಕೆ 85ರಷ್ಟು ಮಂದಿ 'ಪ್ರೋಲ್' ಎಂದು ಕರೆಯಲಾಗುವ ದುಡಿಯುವ ವರ್ಗದವರು, ಅವರಲ್ಲಿ ಬಹುಪಾಲು ಜನರ ಮನೆಗಳಲ್ಲಿ ಪರದೆಯೇ ಇಲ್ಲ. ಆಳುವ ಪಕ್ಷದ ಮೇಲ್ಪದರವಾದ ಒಳಪಕ್ಷದ ಸದಸ್ಯರು ನೂರಕ್ಕೆ ಇಬ್ಬರಿಗಿಂತಲೂ ಕಡಿಮೆ. ನಿರಂತರ ಕಣ್ಗಾವಲು ಬೇಕಾಗಿರುವುದು ಇವೆರಡರ ನಡುವೆ ಇರುವ ಹೊರಪಕ್ಷದ ಗುಮಾಸ್ತರಿಗೆ, ಅಂದರೆ ಓದು ಬರಹ ಬಲ್ಲ, ಕಡತಗಳನ್ನು ಮುಟ್ಟುವ, ಸುಳ್ಳನ್ನು ತಮ್ಮ ಕೈಯಾರೆ ತಯಾರಿಸುವುದರಿಂದ ಅದು ಸುಳ್ಳೆಂದು ಬಲ್ಲ ಜನರಿಗೆ. ಇನ್ನೊಂದು ವಿವರ ಬಹಳ ಓದುಗರ ಕಣ್ಣು ತಪ್ಪುತ್ತದೆ. ಒಳಪಕ್ಷದ ಓ'ಬ್ರಿಯನ್ ತನ್ನ ಮನೆಯ ಪರದೆಯನ್ನು ಆರಿಸಬಲ್ಲ, ಅದು ಅವನ ದರ್ಜೆಯವರಿಗೆ ಇರುವ ಸವಲತ್ತು. ಆದರೂ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಆರಿಸಿಡುವುದು ಕ್ಷೇಮವಲ್ಲ. ಖಾಸಗಿತನವೆಂಬುದು ಎಲ್ಲರಿಂದ ಸಮನಾಗಿ ಕಿತ್ತುಕೊಂಡ ವಸ್ತುವಾಗಿರದೆ, ಸ್ಥಾನಕ್ಕೆ ತಕ್ಕಂತೆ ಅಳೆದು ಕೊಡುವ ಪಡಿತರವಾಗಿದೆ ಎಂಬುದನ್ನು ಈ ಒಂದು ಗುಂಡಿ ತಿಳಿಸುತ್ತದೆ.

ಕೆಲವರು ಹಲವರನ್ನು ನೋಡುವ ಈ ಉಪಾಯಕ್ಕೆ ಆರ್ವೆಲ್‌ಗಿಂತ ಬಹಳ ಹಿಂದಿನ ಚರಿತ್ರೆಯಿದೆ. ಇಂಗ್ಲೆಂಡಿನ ತತ್ತ್ವಜ್ಞಾನಿ ಜೆರೆಮಿ ಬೆಂಥಮ್ 1791ರಲ್ಲಿ 'ಪ್ಯಾನೊಪ್ಟಿಕನ್' ಎಂಬ ಸೆರೆಮನೆಯ ವಿನ್ಯಾಸವನ್ನು ಪ್ರಕಟಿಸಿದರು. ದುಂಡನೆಯ ಕಟ್ಟಡದ ಸುತ್ತಲೂ ಕೋಣೆಗಳು, ನಟ್ಟನಡುವೆ ಒಂದು ಗೋಪುರ. ಗೋಪುರದಲ್ಲಿರುವವನಿಗೆ ಎಲ್ಲ ಕೋಣೆಗಳೂ ಕಾಣುತ್ತವೆ, ಕೋಣೆಯಲ್ಲಿರುವವನಿಗೆ ಗೋಪುರದೊಳಗೆ ಯಾರಾದರೂ ಇದ್ದಾರೆಯೆ ಎಂಬುದು ಕಾಣುವುದಿಲ್ಲ. ಬೆಂಥಮ್ ಇದನ್ನು ಕ್ರೌರ್ಯದ ಸಾಧನವೆಂದು ಎಣಿಸಿರಲಿಲ್ಲ. ಕತ್ತಲೆ, ಕೊಳಕು, ಹೊಡೆತಗಳ ಸೆರೆಮನೆಗೆ ಬದಲಾಗಿ ಬೆಳಕಿನ, ಮಿತವ್ಯಯದ ಸುಧಾರಣೆಯೆಂದೇ ನಂಬಿ ವರ್ಷಗಟ್ಟಲೆ ಸರ್ಕಾರದ ಬೆನ್ನು ಹತ್ತಿದರು. ಅವರ ಜೀವಿತಕಾಲದಲ್ಲಿ ಇಂಗ್ಲೆಂಡಿನಲ್ಲಿ ಅದು ಕಟ್ಟಡವಾಗಿ ಮೇಲೇಳಲಿಲ್ಲ. 1975ರಲ್ಲಿ ಫ್ರೆಂಚ್ ಚಿಂತಕ ಮಿಶೆಲ್ ಫೂಕೋ ಈ ವಿನ್ಯಾಸವನ್ನು ಆಧುನಿಕ ಅಧಿಕಾರದ ಮಾದರಿಯಾಗಿ ವಿವರಿಸಿದ ಮೇಲೆ, ಡಿಸ್ಟೋಪಿಯ ಕಾದಂಬರಿಗಳ, ಎಂದರೆ ಭಯಾನಕ ಸಮಾಜವೊಂದನ್ನು ಕಲ್ಪಿಸುವ ಕಾದಂಬರಿಗಳ ಮಾತು ಬಂದಲ್ಲೆಲ್ಲ ಬೆಂಥಮ್‌ರ ಗೋಪುರವೂ ಬರುವುದು ವಾಡಿಕೆಯಾಯಿತು. ನೋಡುವ ಕಣ್ಣಿನ ಕೆಲಸವನ್ನು ನೋಡಿಸಿಕೊಳ್ಳುವವನೇ ವಹಿಸಿಕೊಳ್ಳುತ್ತಾನೆ ಎಂಬುದು ಫೂಕೋ ಅವರ ಮುಖ್ಯ ಮಾತು.

ಆ ಮಾತು ಸರಿಯೇ. ಆದರೆ ಈ ಕಾದಂಬರಿಗಳನ್ನು ಅನೇಕ ವರ್ಷಗಳಿಂದ ಓದುತ್ತ, ಓದಿಸುತ್ತ ಬಂದಿರುವ ನನಗೆ ಗೋಪುರದ ಚಿತ್ರವೊಂದೇ ಸಾಲದು ಅನ್ನಿಸಿದೆ. ವಿನ್‌ಸ್ಟನ್ ಸಿಕ್ಕಿಬೀಳುವುದು ಹೇಗೆ ಎಂಬುದನ್ನೇ ನೋಡಿ. ಅವನ ಕೋಣೆಯಲ್ಲಿ ಪರದೆಯ ದೃಷ್ಟಿಗೆ ಬೀಳದ ಒಂದು ಸಣ್ಣ ಮೂಲೆಯಿದೆ. ಮನೆ ಕಟ್ಟುವಾಗ ಪುಸ್ತಕದ ಕಪಾಟಿಗೆಂದು ಬಿಟ್ಟಿದ್ದಿರಬಹುದಾದ ಜಾಗ ಅದು. ಅಲ್ಲಿ ಕುಳಿತು ಅವನು ದಿನಚರಿ ಬರೆಯುತ್ತಾನೆ, ಯಾರಾದರೂ ದಿನಚರಿಯನ್ನು ಮುಟ್ಟಿದರೆ ತಿಳಿಯಲೆಂದು ಅದರ ಹೊದಿಕೆಯ ಮೇಲೆ ಬಿಳಿಯ ಧೂಳಿನ ಒಂದು ಕಣವನ್ನು ಇಡುತ್ತಾನೆ. ಆ ಧೂಳಿನ ಕಣವನ್ನೂ ವಿಚಾರ ಪೊಲೀಸರು ಪ್ರತಿ ಸಲವೂ ಎಚ್ಚರದಿಂದ ಮೊದಲಿದ್ದಲ್ಲಿಯೇ ಇಡುತ್ತಿದ್ದರು ಎಂಬುದು ಬಹಳ ತಡವಾಗಿ ತಿಳಿಯುತ್ತದೆ. ಓ'ಬ್ರಿಯನ್ ಅವನನ್ನು ಏಳು ವರ್ಷ ಗಮನಿಸಿದ್ದಾನೆ. ದಿನಚರಿಯ ಪುಸ್ತಕವನ್ನು ಮಾರಿದ, ಪ್ರೇಯಸಿ ಜೂಲಿಯಾಳೊಂದಿಗೆ ಇರಲು ಕೋಣೆಯನ್ನು ಬಾಡಿಗೆಗೆ ಕೊಟ್ಟ ಮುದುಕ ಚ್ಯಾರಿಂಗ್‌ಟನ್ ವಿಚಾರ ಪೊಲೀಸರವನೇ. ನೆರೆಮನೆಯ ಪಾರ್ಸನ್ಸ್‌ನನ್ನು ಹಿಡಿದುಕೊಟ್ಟವಳು ಅವನ ಏಳು ವರ್ಷದ ಮಗಳು, ನಿದ್ದೆಯಲ್ಲಿ ಅವನು ಕನವರಿಸಿದ್ದನ್ನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡವಳು. ಅಂದರೆ ಯಂತ್ರ ಎಲ್ಲರಲ್ಲೂ ಭಯವನ್ನು ಹರಡಿದೆ, ಹಿಡಿಯುವ ಕೆಲಸವನ್ನು ಮಾತ್ರ ಹತ್ತಿರದ ಮನುಷ್ಯರೇ ಮಾಡಿದ್ದಾರೆ.

ಇಲ್ಲಿಂದ ಮುಂದಕ್ಕೆ ನಾನು ಹೇಳಬೇಕಾದದ್ದು ಒಂದೇ: ಈ ಸಾಹಿತ್ಯದಲ್ಲಿ ಕಣ್ಗಾವಲಿನ ಗುರಿ ಗುಟ್ಟುಗಳಲ್ಲ, ಇಬ್ಬರ ನಡುವಿನ ನಂಬಿಕೆ. ಪ್ರಭುತ್ವಕ್ಕೆ ವಿನ್‌ಸ್ಟನ್‌ನ ಗುಟ್ಟುಗಳೆಲ್ಲ ಮೊದಲೇ ಗೊತ್ತು, ಅವನಿಂದ ಅದಕ್ಕೆ ಬೇಕಾದ ಮಾಹಿತಿ ಏನೂ ಉಳಿದಿಲ್ಲ. ಆದರೂ 101ನೆಯ ಕೋಣೆ ಎಂಬ ಚಿತ್ರಹಿಂಸೆಯ ಕೋಣೆಗೆ ಅವನನ್ನು ಒಯ್ಯುವುದು ಏಕೆ? ಇಲಿಗಳ ಪಂಜರ ಮುಖದ ಹತ್ತಿರ ಬಂದಾಗ ಈ ಶಿಕ್ಷೆ ತನಗೆ ಬೇಡ, ಜೂಲಿಯಾಳಿಗಾಗಲಿ ಎಂದು ಅವನ ಬಾಯಿಂದಲೇ ಹೊರಡಬೇಕು, ಅದಕ್ಕಾಗಿ. ಅಲ್ಲಿಂದ ಬಿಡುಗಡೆಯಾದ ಮೇಲೆ ಇಬ್ಬರೂ ಮಾರ್ಚ್ ತಿಂಗಳ ಕೊರೆಯುವ ಚಳಿಯಲ್ಲಿ ಒಂದು ಉದ್ಯಾನದಲ್ಲಿ ಎದುರಾಗುತ್ತಾರೆ, ನಿನಗೆ ದ್ರೋಹ ಮಾಡಿದೆ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಆಗ ಅವರನ್ನು ಯಾರೂ ತಡೆಯುವುದಿಲ್ಲ. ತಾವು ಏನು ಮಾಡಿದರೂ ಇನ್ನು ಮೇಲೆ ಪಕ್ಷದವರಿಗೆ ಆಸಕ್ತಿಯಿಲ್ಲವೆಂದು ವಿನ್‌ಸ್ಟನ್‌ನಿಗೆ ತನ್ನಷ್ಟಕ್ಕೇ ತಿಳಿದಿದೆ. ಇಡೀ ಕಾದಂಬರಿಯಲ್ಲಿ ನನ್ನನ್ನು ಅತಿ ಹೆಚ್ಚು ಕಲಕುವ ವಾಕ್ಯಗಳು ಅವು. ಪಕ್ಷದ ಕಣ್ಣು ಅವರಿಂದ ಸರಿದಿದೆ, ಏಕೆಂದರೆ ಕಾಯಬೇಕಾದದ್ದು ಏನೂ ಅಲ್ಲಿ ಉಳಿದಿಲ್ಲ.

ನೀವು ಕೇಳಿದ 'ಎಷ್ಟು ಜನ ಬೇಕು' ಎಂಬ ಪ್ರಶ್ನೆಗೆ ಇತಿಹಾಸವೂ ಒಂದು ಉತ್ತರವನ್ನು ಕೊಟ್ಟಿದೆ. ಪೂರ್ವ ಜರ್ಮನಿಯ 'ಸ್ಟಾಸಿ' ಎಂಬ ರಾಜ್ಯ ಭದ್ರತಾ ಸಚಿವಾಲಯ 1950ರಲ್ಲಿ ಆರಂಭವಾಗಿ, 1989ರಲ್ಲಿ ಬರ್ಲಿನ್ ಗೋಡೆ ಬೀಳುವ ಹೊತ್ತಿಗೆ ಸುಮಾರು 91,000 ಪೂರ್ಣಾವಧಿ ನೌಕರರನ್ನು ಹೊಂದಿತ್ತು. ದೇಶದ ಜನಸಂಖ್ಯೆ ಸುಮಾರು 1.6 ಕೋಟಿ, ಎಂದರೆ 180 ಜನರಿಗೆ ಹೆಚ್ಚುಕಡಿಮೆ ಒಬ್ಬ ನೌಕರ. ಆದರೆ ಈ ಸಂಸ್ಥೆಯ ನಿಜವಾದ ವಿಸ್ತಾರ ಇದ್ದದ್ದು ಅದಕ್ಕೆ ಗುಟ್ಟಾಗಿ ವರದಿ ಕೊಡುತ್ತಿದ್ದ ಸುಮಾರು 1.7 ಲಕ್ಷ ಮಾಹಿತಿದಾರರಲ್ಲಿ. ಅವರು ಸಹೋದ್ಯೋಗಿಗಳಾಗಿದ್ದರು, ಸ್ನೇಹಿತರಾಗಿದ್ದರು, ಕೆಲವು ಪ್ರಸಂಗಗಳಲ್ಲಿ ಗಂಡ ಅಥವಾ ಹೆಂಡತಿಯೇ ಆಗಿದ್ದರು. ಒತ್ತಾಗಿ ಜೋಡಿಸಿದರೆ 111 ಕಿಲೋಮೀಟರ್ ಉದ್ದವಾಗುವಷ್ಟು ಕಡತಗಳು ಉಳಿದವು. 1992ರಿಂದ ತಮ್ಮ ಕಡತಗಳನ್ನು ತಾವೇ ಓದುವ ಅವಕಾಶ ನಾಗರಿಕರಿಗೆ ಸಿಕ್ಕಿತು. ಓದಲು ಹೋದ ಅನೇಕರ ಪಾಲಿಗೆ ಪ್ರಭುತ್ವ ತಮ್ಮನ್ನು ಗಮನಿಸುತ್ತಿತ್ತು ಎಂಬುದು ಹೊಸ ಸಂಗತಿಯೇನೂ ಆಗಿರಲಿಲ್ಲ. ವರದಿ ಬರೆದವರು ಯಾರು ಎಂಬುದೇ ಎದೆ ಒಡೆಯುವ ಸಂಗತಿಯಾಗಿತ್ತು.

ಈ ಕಾದಂಬರಿ ಪರಂಪರೆಯ ತಾಯಿಬೇರು ರಷ್ಯಾದ ಯೆವ್ಗೆನಿ ಜಮ್ಯಾತಿನ್ ಅವರ 'ನಾವು'. 1920–21ರಲ್ಲಿ ಬರೆದ ಈ ಕೃತಿ ಮೊದಲು ಪ್ರಕಟವಾದದ್ದು 1924ರಲ್ಲಿ, ಇಂಗ್ಲಿಷ್ ಅನುವಾದವಾಗಿ. ತಾಯ್ನಾಡಿನಲ್ಲಿ ಅದು ಅಚ್ಚಾಗಲು 1988ರವರೆಗೆ ಕಾಯಬೇಕಾಯಿತು. ಆರ್ವೆಲ್ ಇದನ್ನು ಓದಿ 1946ರ ಜನವರಿಯಲ್ಲಿ ಇದರ ವಿಮರ್ಶೆಯನ್ನೂ ಬರೆದಿದ್ದರು. ಜಮ್ಯಾತಿನ್ ವೃತ್ತಿಯಿಂದ ಹಡಗು ನಿರ್ಮಾಣದ ಎಂಜಿನಿಯರ್, 1916–17ರಲ್ಲಿ ಇಂಗ್ಲೆಂಡಿನ ಹಡಗುಕಟ್ಟೆಗಳಲ್ಲಿ ಹಿಮ ಒಡೆಯುವ ಹಡಗುಗಳ ನಿರ್ಮಾಣದ ಮೇಲ್ವಿಚಾರಣೆ ಮಾಡಿದವರು. ಝಾರ್ ದೊರೆಯ ಕಾಲದಲ್ಲಿ ಸೆರೆಮನೆ ಕಂಡಿದ್ದ ಅವರು 1922ರಲ್ಲಿ ಬೋಲ್ಶೆವಿಕರ ಕಾಲದಲ್ಲಿ ಮತ್ತೆ ಸೆರೆಮನೆ ಕಂಡರು. ಯಂತ್ರದ ನಿಖರತೆಯನ್ನು ಪ್ರೀತಿಸುವ ಮನಸ್ಸೂ ಸೆರೆಯನ್ನು ಬಲ್ಲ ಮೈಯೂ ಒಬ್ಬರಲ್ಲೇ ಇದ್ದುದರಿಂದಲೇ ಆ ಕಾದಂಬರಿ ಸಾಧ್ಯವಾಯಿತು ಎಂದು ನನಗೆ ತೋರುತ್ತದೆ.

'ನಾವು' ಕಾದಂಬರಿಯ ಏಕರಾಜ್ಯದಲ್ಲಿ ಮನೆಗಳ ಗೋಡೆಗಳೆಲ್ಲ ಗಾಜಿನವು. ಪರದೆ, ಗೋಪುರ ಎರಡೂ ಅಲ್ಲಿ ಅನಗತ್ಯ. ಕಾವಲುಗಾರರು ಇದ್ದಾರಾದರೂ ಮೇಲಿನ, ಕೆಳಗಿನ, ಪಕ್ಕದ ಮನೆಯವರೆಲ್ಲ ತಾವು ಬದುಕುತ್ತಲೇ ಒಬ್ಬರನ್ನೊಬ್ಬರು ನೋಡುತ್ತಾರೆ. ಗುಲಾಬಿ ಬಣ್ಣದ ಚೀಟಿ ಪಡೆದು ಸಂಗಾತಿಯನ್ನು ಕೂಡುವ ಗೊತ್ತಾದ ಹೊತ್ತಿನಲ್ಲಿ ಮಾತ್ರ ಕಿಟಕಿಯ ತೆರೆ ಇಳಿಸಬಹುದು. ದಿನಚರಿ ಬರೆಯುವ ಡಿ-503 ಎಂಬ ಗಣಿತಜ್ಞನಿಗೆ ಇದರಲ್ಲಿ ಯಾವ ಸಂಕಟವೂ ಇಲ್ಲ, ಬಹಳ ಹೆಮ್ಮೆಯೇ ಇದೆ. ಸಮಯಪಟ್ಟಿಯಲ್ಲಿ ಸ್ವಂತಕ್ಕೆಂದು ಬಿಟ್ಟಿರುವ ದಿನದ ಎರಡು ಗಂಟೆಗಳು ಕೂಡ ಮುಂದೊಂದು ದಿನ ಸಾಮೂಹಿಕ ಲೆಕ್ಕಕ್ಕೆ ಸೇರಿ, ಲೋಕ ಪೂರ್ಣವಾದೀತೆಂದು ಅವನು ಹಾರೈಸುತ್ತಾನೆ. ಕಣ್ಗಾವಲನ್ನು ದ್ವೇಷಿಸುವ ನಾಯಕನ ಕಥೆಯನ್ನು ಹೇಳುವುದು ಸುಲಭ. ಅದನ್ನು ಮನಸಾರೆ ಪ್ರೀತಿಸುವವನ ಬಾಯಿಂದ ಹೇಳಿಸಿ, ಅವನ ಮಾತಿನ ಬಿರುಕಿನಲ್ಲೇ ಓದುಗನಿಗೆ ಉಸಿರುಕಟ್ಟುವಂತೆ ಮಾಡಿದ್ದು ಜಮ್ಯಾತಿನ್ ಅವರ ಹೆಚ್ಚುಗಾರಿಕೆ, ಇದರಲ್ಲಿ ಆರ್ವೆಲ್ ಅವರಿಗಿಂತ ಅವರು ಒಂದು ಕೈ ಮೇಲು ಎಂದೇ ನನ್ನ ಅಭಿಪ್ರಾಯ.

ಡಿ-503ರ ದಿನಚರಿ ಪ್ರಭುತ್ವದ ಸ್ತುತಿಯಾಗಿ ಹೊರಟದ್ದು. ಅನ್ಯಗ್ರಹಗಳಿಗೆ ಏಕರಾಜ್ಯದ ಸಂದೇಶವನ್ನು ಒಯ್ಯಲಿರುವ ಗಗನನೌಕೆಯಲ್ಲಿ ಅದೂ ಹೋಗಬೇಕಾಗಿದೆ. ಐ-330 ಎಂಬ ಹೆಣ್ಣಿನ ಪರಿಚಯವಾದ ಮೇಲೆ 'ನಾವು' ಎಂದು ಬರೆಯುತ್ತಿದ್ದ ಕೈ 'ನಾನು' ಎಂದು ಬರೆಯತೊಡಗುತ್ತದೆ, ವಾಕ್ಯಗಳು ಅರ್ಧಕ್ಕೇ ನಿಲ್ಲುತ್ತವೆ, ಅವನು ಬರೆದದ್ದು ಅವನಿಗೇ ಪರಕೀಯವಾಗುತ್ತದೆ. ನಲವತ್ತು ಟಿಪ್ಪಣಿಗಳ ಈ ಕೃತಿಯ ಕೊನೆಯಲ್ಲಿ ಶಸ್ತ್ರಚಿಕಿತ್ಸೆಯಿಂದ ಅವನ ಕಲ್ಪನಾಶಕ್ತಿಯನ್ನೇ ತೆಗೆದುಹಾಕಲಾಗುತ್ತದೆ. ಆ ಮೇಲೆ ಐ-330ಳನ್ನು ಗಾಜಿನ ಗಂಟೆಯೊಳಗೆ ಕೂರಿಸಿ ಗಾಳಿ ಹೀರಿ ಹಿಂಸಿಸುವುದನ್ನು ಅವನು ದೊರೆಯ ಪಕ್ಕದಲ್ಲಿ ಕುಳಿತು ನೋಡುತ್ತಾನೆ, ಮನಸ್ಸಿನಲ್ಲಿ ಏನೂ ಏಳುವುದಿಲ್ಲ, ದೃಶ್ಯವನ್ನು ಅಚ್ಚುಕಟ್ಟಾಗಿ ವರ್ಣಿಸಿ ಬರೆದಿಡುತ್ತಾನೆ. ಗಾಜಿನ ಗೋಡೆ ಹೊರಗಿದ್ದದ್ದು ಈಗ ಅವನ ಮತ್ತು ಅವಳ ನಡುವೆ ನಿಂತಿದೆ. ಆರ್ವೆಲ್ ಅವರ ಉದ್ಯಾನದ ದೃಶ್ಯಕ್ಕೆ ಇದೇ ಹಿರಿಯಕ್ಕ.

ಈಗ ಹಕ್ಸ್‌ಲಿ. 1932ರ 'ಬ್ರೇವ್ ನ್ಯೂ ವರ್ಲ್ಡ್' ಭಯದ ಜಾಗದಲ್ಲಿ ಸುಖವನ್ನು ಇಟ್ಟ ಕಾದಂಬರಿಯೆಂಬ ಮಾತು ಪ್ರಸಿದ್ಧವಾಗಿದೆ. ಮಕ್ಕಳನ್ನು ಬಾಟಲಿಗಳಲ್ಲಿ ಬೆಳೆಸಿ, ವರ್ಗಕ್ಕೆ ತಕ್ಕಂತೆ ಪಳಗಿಸಿ, ನಿದ್ದೆಯಲ್ಲಿ ಸುಭಾಷಿತಗಳನ್ನು ಕಿವಿಗೆ ತುಂಬಲಾಗುತ್ತದೆ. 62,400 ಸಲ ಕೇಳಿಸಿದರೆ ಒಂದು ಸತ್ಯ ತಯಾರಾಗುತ್ತದೆಂದು ಅಲ್ಲಿನ ತಜ್ಞರೊಬ್ಬರ ಲೆಕ್ಕ. ಬೇಸರವಾದರೆ 'ಸೋಮ' ಎಂಬ ಗುಳಿಗೆ. ಹಕ್ಸ್‌ಲಿ ಅವರು ಈಟನ್ ಶಾಲೆಯಲ್ಲಿ ಕೆಲಕಾಲ ಪಾಠ ಹೇಳಿದಾಗ ಆರ್ವೆಲ್ ಅಲ್ಲಿ ವಿದ್ಯಾರ್ಥಿ. '1984' ಪ್ರಕಟವಾದ 1949ರಲ್ಲೇ ಅವರು ತಮ್ಮ ಹಳೆಯ ಶಿಷ್ಯನಿಗೆ ಪತ್ರ ಬರೆದು ಕಾದಂಬರಿಯನ್ನು ಮೆಚ್ಚಿ, ಮುಂದಿನ ಆಳುವವರು ಲಾಠಿ ಸೆರೆಮನೆಗಳಿಗಿಂತ ಎಳವೆಯ ಪಳಗಿಸುವಿಕೆಯೇ ಹೆಚ್ಚು ಫಲಕಾರಿಯೆಂದು ಕಂಡುಕೊಳ್ಳುವರು ಎಂಬ ತಮ್ಮ ಭಿನ್ನಾಭಿಪ್ರಾಯವನ್ನು ತಿಳಿಸಿದರು. ನೀವು ಕೇಳಿದ 'ಇವರೋ ಅವರೋ' ಎಂಬ ಪ್ರಶ್ನೆ ಅಂದಿನಿಂದಲೇ ನಡೆದು ಬಂದಿದೆ.

ಆದರೆ ಆ ಪ್ರಶ್ನೆಯ ಎರಡು ತುದಿಗಳು ಅಷ್ಟು ದೂರದೂರ ಇಲ್ಲ. '1984'ರಲ್ಲೇ ಪ್ರೋಲ್‌ಗಳನ್ನು ಆಳುವುದು ಲಾಟರಿ, ಬಿಯರ್, ಫುಟ್‌ಬಾಲ್ ಮತ್ತು ಯಂತ್ರಗಳು ಹೊಸೆದು ಕೊಡುವ ಅಗ್ಗದ ಕಾದಂಬರಿಗಳ ಮೂಲಕ, ಎಂದರೆ ನೂರಕ್ಕೆ 85ರಷ್ಟು ಜನರ ಮಟ್ಟಿಗೆ ಆರ್ವೆಲ್ ಅವರ ರಾಜ್ಯವೂ ಸುಖದ ಆಮಿಷವನ್ನೇ ನೆಚ್ಚಿದೆ. ಇನ್ನು ಹಕ್ಸ್‌ಲಿಯವರ ಸುಖರಾಜ್ಯದಲ್ಲಿ ಚಾಡಿ ಇಲ್ಲವೆ? ಹೆಲ್ಮ್‌ಹೋಲ್ಟ್ಸ್ ಎಂಬ ಅಧ್ಯಾಪಕ ಏಕಾಂತವನ್ನು ಕುರಿತು ತಾನು ಕಟ್ಟಿದ ಪದ್ಯವನ್ನು ತರಗತಿಯಲ್ಲಿ ಓದುತ್ತಾನೆ. ಅವನ ವಿದ್ಯಾರ್ಥಿಗಳೇ ಮುಖ್ಯಸ್ಥರಿಗೆ ದೂರು ಕೊಡುತ್ತಾರೆ. ಎಲ್ಲರೂ ಎಲ್ಲರಿಗೂ ಸೇರಿದವರು ಎಂಬ ಆ ಲೋಕದಲ್ಲಿ ಒಬ್ಬರನ್ನೇ ಬಹುಕಾಲ ಪ್ರೀತಿಸುವುದು ಕೆಟ್ಟ ನಡತೆ, ಒಬ್ಬನೇ ನಡೆದಾಡುವುದು ಸಂದೇಹಕ್ಕೆ ಕಾರಣ. ಆರ್ವೆಲ್ ಅವರ ಪಕ್ಷ ಇಬ್ಬರ ನಡುವಿನ ನಂಟನ್ನು ಬೆಳೆದ ಮೇಲೆ ಮುರಿಯುತ್ತದೆ. ಹಕ್ಸ್‌ಲಿಯವರ ರಾಜ್ಯ ಅದು ಬೆಳೆಯದಂತೆಯೇ ನೋಡಿಕೊಳ್ಳುತ್ತದೆ. ಗುರಿ ಮಾತ್ರ ಒಂದೇ.

ಹಕ್ಸ್‌ಲಿಯವರ ಕೊನೆಯ ಅಧ್ಯಾಯವನ್ನು ಇಂದು ಓದಿದರೆ ಮೈ ಜುಮ್ಮೆನ್ನುತ್ತದೆ. ಆ ನಾಗರಿಕತೆಯ ಹೊರಗೆ ಬೆಳೆದು, ಅದರೊಳಗೆ ಬಂದು ನೊಂದ ಜಾನ್ ಹಳೆಯ ದೀಪಸ್ತಂಭವೊಂದರಲ್ಲಿ ಒಂಟಿಯಾಗಿ ನೆಲೆಸಿ, ಪಾಪನಿವೇದನೆಯಂತೆ ತನ್ನನ್ನೇ ಚಾವಟಿಯಿಂದ ಹೊಡೆದುಕೊಳ್ಳುತ್ತಿರುತ್ತಾನೆ. ಒಬ್ಬ ಚಲನಚಿತ್ರಗಾರ ಸಮೀಪದಲ್ಲಿ ಅಡಗಿ ಕುಳಿತು, ಪೊದೆಗಳಲ್ಲಿ ಮೈಕ್ರೋಫೋನ್ ಬಚ್ಚಿಟ್ಟು, ಮೂರು ದಿನ ಅದನ್ನೆಲ್ಲ ಸೆರೆಹಿಡಿಯುತ್ತಾನೆ. ಚಿತ್ರ ಬಿಡುಗಡೆಯಾದ ಮಾರನೆಯ ದಿನವೇ ನೂರಾರು ಹೆಲಿಕಾಪ್ಟರ್‌ಗಳಲ್ಲಿ ಜನ ಬಂದಿಳಿದು, ಚಾವಟಿಯ ಆಟ ನಮ್ಮೆದುರಿಗೂ ಆಗಲಿ ಎಂದು ಒಕ್ಕೊರಲಿನಿಂದ ಕೂಗುತ್ತಾರೆ. ಅವರಲ್ಲಿ ಯಾರಿಗೂ ಜಾನ್‌ನ ಮೇಲೆ ಹಗೆಯಿಲ್ಲ, ಯಾವ ಸರ್ಕಾರವೂ ಅವರನ್ನು ಕಳಿಸಿಲ್ಲ. ಒಬ್ಬ ಮನುಷ್ಯನ ಅಂತರಂಗದ ನೋವು ಎಲ್ಲರ ಮನರಂಜನೆಯಾಗಿ ಬಿಟ್ಟ ಮೇಲೆ ಅವನಿಗೆ ಉಳಿದದ್ದು ನೇಣಿನ ಹಗ್ಗವೊಂದೇ. ನೋಡುವುದಕ್ಕೆ ಆಜ್ಞೆಯೇ ಬೇಕಿಲ್ಲ, ಕುತೂಹಲವೊಂದಿದ್ದರೆ ಸಾಕು ಎಂಬುದನ್ನು ಅಷ್ಟು ಹಿಂದೆಯೇ ಅವರು ಕಂಡಿದ್ದರು.

ರೇ ಬ್ರಾಡ್‌ಬರಿ 1953ರ 'ಫ್ಯಾರನ್‌ಹೀಟ್ 451'ರಲ್ಲಿ ಇದನ್ನೇ ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದರು. ಪುಸ್ತಕ ಸುಡುವ ಕೆಲಸವನ್ನು ಬಿಟ್ಟು ಓಡುತ್ತಿರುವ ಮಾಂಟಾಗ್‌ನನ್ನು ಹಿಡಿಯಲು, ಹತ್ತು ಎಣಿಸುವಷ್ಟರಲ್ಲಿ ನಗರದ ಪ್ರತಿಯೊಬ್ಬರೂ ಏಕಕಾಲಕ್ಕೆ ಬಾಗಿಲು ತೆರೆದು ಬೀದಿಯನ್ನು ನೋಡಬೇಕೆಂದು ದೂರದರ್ಶನದಲ್ಲಿ ಕರೆ ಕೊಡಲಾಗುತ್ತದೆ. ಅವನು ಹೊಳೆ ದಾಟಿ ತಪ್ಪಿಸಿಕೊಂಡ ಮೇಲೂ ಬೇಟೆಯ ನೇರ ಪ್ರಸಾರ ನಿಲ್ಲುವುದಿಲ್ಲ. ಪ್ರೇಕ್ಷಕರನ್ನು ಬಹಳ ಹೊತ್ತು ಕಾಯಿಸಲಾಗದೆಂದು, ತನ್ನ ಪಾಡಿಗೆ ವಾಯುವಿಹಾರಕ್ಕೆ ಹೊರಟ ಯಾರೋ ಒಬ್ಬನನ್ನು ಕ್ಯಾಮೆರಾಗಳ ಮುಂದೆ ಕೊಂದು ಅವನೇ ಮಾಂಟಾಗ್ ಎಂದು ಸಾರಲಾಗುತ್ತದೆ. ಮಾಂಟಾಗ್‌ನ ಮೇಲೆ ಮೊದಲು ದೂರು ಕೊಟ್ಟವರು ಅವನ ಹೆಂಡತಿ ಮತ್ತು ಅವಳ ಗೆಳತಿಯರು ಎಂಬುದನ್ನು ಹೇಳಿ ಮುಂದೆ ಸಾಗುತ್ತೇನೆ.

ಮಾರ್ಗರೆಟ್ ಆಟ್ವುಡ್ ಅವರ 'ದ ಹ್ಯಾಂಡ್‌ಮೇಡ್ಸ್ ಟೇಲ್' ಬಳಿ ಮಾತ್ರ ಸ್ವಲ್ಪ ನಿಲ್ಲಬೇಕು. 1984ರಲ್ಲಿ, ಗೋಡೆ ಸುತ್ತುವರಿದಿದ್ದ ಪಶ್ಚಿಮ ಬರ್ಲಿನ್ನಿನಲ್ಲಿ ಬರೆಯಲು ಆರಂಭಿಸಿ 1985ರಲ್ಲಿ ಪ್ರಕಟಿಸಿದ ಈ ಕೃತಿಗೆ ಆಟ್ವುಡ್ ತಮಗೆ ತಾವೇ ಒಂದು ಕಟ್ಟಳೆ ವಿಧಿಸಿಕೊಂಡಿದ್ದರು: ಮನುಷ್ಯರು ಚರಿತ್ರೆಯಲ್ಲಿ ಎಲ್ಲಿಯೂ ಎಂದೂ ಮಾಡಿರದ ಯಾವುದನ್ನೂ ಅದರಲ್ಲಿ ತರಬಾರದು. ಗಿಲಿಯಡ್ ಎಂಬ ಆ ರಾಜ್ಯದಲ್ಲಿ 'ಕಣ್ಣುಗಳು' ಎಂಬ ಗುಪ್ತಚರ ದಳವಿದೆ. ಆದರೆ ದಿನದಿನದ ಕಣ್ಗಾವಲು ನಡೆಯುವುದು ಬಹಳ ಸರಳವಾದ ಒಂದು ನಿಯಮದಿಂದ. ಸಂತಾನಕ್ಕಾಗಿ ಇರಿಸಿಕೊಂಡ ಆ ದಾಸಿಯರು ಹೊರಗೆ ಹೋಗುವಾಗ ಜೋಡಿಯಾಗಿಯೇ ಹೋಗಬೇಕು. ಇವಳಿಗೆ ಅವಳು ಗೂಢಚಾರಿಣಿ, ಅವಳಿಗೆ ಇವಳು. ಖರ್ಚಿಲ್ಲದ, ತಂತ್ರಜ್ಞಾನವಿಲ್ಲದ ವ್ಯವಸ್ಥೆಯಿದು. ಬಿಳಿಯ ರೆಕ್ಕೆಗಳಂಥ ಮರೆಯಿರುವ ಟೋಪಿಯಿಂದಾಗಿ ಒಬ್ಬರ ಮುಖ ಒಬ್ಬರಿಗೆ ಕಾಣುವುದೂ ಇಲ್ಲ. ತಿಂಗಳುಗಟ್ಟಲೆ ಹೀಗೆ ಜೊತೆಗೆ ನಡೆದು, ಕಲಿಸಿಕೊಟ್ಟ ಭಕ್ತಿಯ ಮಾತುಗಳನ್ನೇ ಆಡಿ, ಮತ್ತೊಬ್ಬಳು ನಿಜಕ್ಕೂ ಭಕ್ತೆಯೆಂದು ಇಬ್ಬರೂ ನಂಬಿರುತ್ತಾರೆ. ಒಂದು ದಿನ ಪ್ರಾರ್ಥನೆಗಳನ್ನು ಮುದ್ರಿಸುವ ಯಂತ್ರಗಳ ಅಂಗಡಿಯ ಮುಂದೆ ನಿಂತಾಗ, ಗಾಜಿನಲ್ಲಿ ಮೂಡಿದ ಪ್ರತಿಬಿಂಬದಲ್ಲಿ ಅವರ ಕಣ್ಣುಗಳು ಮೊದಲ ಬಾರಿಗೆ ಕೂಡುತ್ತವೆ. ಈ ಯಂತ್ರಗಳ ಮೊರೆಯನ್ನು ದೇವರು ಕೇಳುತ್ತಾನೆಂದು ನಂಬುತ್ತೀಯಾ ಎಂದು ಜೊತೆಗಾತಿ ಕಥೆ ಹೇಳುವ ದಾಸಿಯನ್ನು ಕೇಳುತ್ತಾಳೆ. ಪ್ರಾಣವನ್ನು ಒತ್ತೆಯಿಟ್ಟ ಪ್ರಶ್ನೆ ಅದು. 'ಇಲ್ಲ' ಎಂಬ ಒಂದೇ ಉತ್ತರದಿಂದ ಇಬ್ಬರು ಮನುಷ್ಯರ ನಡುವೆ ಮತ್ತೆ ನಂಬಿಕೆ ಹುಟ್ಟುತ್ತದೆ.

ಅದೇ ಕಾದಂಬರಿಯ ಇನ್ನೊಂದು ಭಾಗ ನಿಮ್ಮ ಎರಡನೆಯ ಪ್ರಶ್ನೆಗೆ ನೇರವಾಗಿ ತಾಗುತ್ತದೆ. ಕಾಗದದ ಹಣ ಮಾಯವಾಗಿ ಎಲ್ಲ ವ್ಯವಹಾರವೂ ಕಂಪ್ಯೂಟರ್ ಖಾತೆಗಳಲ್ಲಿ ನಡೆಯುತ್ತಿದ್ದುದರಿಂದ, ಹೆಣ್ಣು ಎಂದು ಗುರುತಿಸುವ ಅಕ್ಷರವಿರುವ ಖಾತೆಗಳನ್ನೆಲ್ಲ ಕೆಲವೇ ಗುಂಡಿಗಳನ್ನು ಒತ್ತಿ ಒಂದೇ ದಿನದಲ್ಲಿ ಸ್ಥಗಿತಗೊಳಿಸಲಾಗುತ್ತದೆ. ಆ ಅಕ್ಷರವನ್ನು ದಾಖಲಿಸಿದ್ದು ಯಾವ ಸರ್ವಾಧಿಕಾರಿಯೂ ಅಲ್ಲ. ಸಾಮಾನ್ಯ ದಿನಗಳಲ್ಲಿ, ಅನುಕೂಲಕ್ಕಾಗಿ, ಯಾರೂ ಆಕ್ಷೇಪಿಸದೆ ಸೇರಿದ ವಿವರ ಅದು. ಹಣ ಗಂಡನ ವಶಕ್ಕೆ ಹೋಗಬಹುದೆಂಬ ಕಾನೂನು ಬಂದ ರಾತ್ರಿ, ಕಥೆ ಹೇಳುವವಳಿಗೆ ಗಂಡ ಸಮಾಧಾನ ಹೇಳುತ್ತಿರುವಾಗ, ಇವನಿಗೆ ಇದು ಅಷ್ಟೇನೂ ಬೇಸರವಾಗಿಲ್ಲವೇನೋ ಎಂಬ ಸಂಶಯ ಅವಳಲ್ಲಿ ಸುಳಿಯುತ್ತದೆ. ಕೇಳಿ ತಿಳಿಯಲು ಅವಳಿಗೆ ಧೈರ್ಯವಾಗುವುದಿಲ್ಲ. ದಾಖಲೆಯ ಒಂದು ಅಕ್ಷರ ಗಂಡ ಹೆಂಡಿರ ಹಾಸಿಗೆಯವರೆಗೂ ಬಂದುಬಿಟ್ಟಿತು.

ಆದ್ದರಿಂದ ವಿವರಗಳನ್ನು ನಾವೇ ಕೊಡುತ್ತಿದ್ದೇವೆ ಎಂಬ ಮಾತಿನಲ್ಲಿ ನನಗೆ ಪೂರ್ತಿ ಸಮಾಧಾನವಿಲ್ಲ. ಕೊಡುವಾಗ ಇದ್ದ ಉದ್ದೇಶ ಬೇರೆ, ಮುಂದೆ ಬಳಸುವವರ ಉದ್ದೇಶ ಬೇರೆ ಆಗಬಹುದು. ಈ ಹಳೆಯ ಕಾದಂಬರಿಗಳು ಸರಿಯಾಗಿ ಕಾಣದೇ ಹೋದದ್ದು ಒಂದಿದೆಯೆಂದರೆ, ಪ್ರಭುತ್ವದ ಜಾಗದಲ್ಲಿ ಖಾಸಗಿ ಕಂಪನಿಗಳು ನಿಂತು, ಹೆದರಿಸುವುದಕ್ಕಲ್ಲದೆ ನಮ್ಮ ಮುಂದಿನ ನಡೆಯನ್ನು ಊಹಿಸಿ ಮಾರುವುದಕ್ಕಾಗಿ ನಮ್ಮನ್ನು ಗಮನಿಸುವ ಸ್ಥಿತಿ. ಹಾಗೆಂದು ಭಯ ಇಲ್ಲವಾಗಿಲ್ಲ. ಅಮೆರಿಕದ ರಹಸ್ಯ ಕಣ್ಗಾವಲಿನ ವಿವರಗಳನ್ನು ಎಡ್ವರ್ಡ್ ಸ್ನೋಡೆನ್ 2013ರ ಜೂನ್‌ನಲ್ಲಿ ಬಯಲು ಮಾಡಿದ ಮೇಲೆ, ಭಯೋತ್ಪಾದನೆಗೆ ಸಂಬಂಧಿಸಿದ ವಿಕಿಪೀಡಿಯ ಪುಟಗಳನ್ನು ತೆರೆಯುವವರ ಸಂಖ್ಯೆ ಕುಸಿದದ್ದನ್ನು ಸಂಶೋಧಕ ಜೊನಾಥನ್ ಪೆನಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದ್ದಾರೆ. ಆ ಪುಟಗಳನ್ನು ಓದುವುದು ಅಪರಾಧವೇನೂ ಆಗಿರಲಿಲ್ಲ, ಓದಬೇಡಿ ಎಂದು ಯಾರೂ ಹೇಳಿರಲಿಲ್ಲ. ವ್ಯಾಯಾಮದ ಹೊತ್ತಿನಲ್ಲಿ ವಿನ್‌ಸ್ಟನ್ ಬಗ್ಗಿದ ಹಾಗೆ ಜನ ತಾವಾಗಿಯೇ ಬಗ್ಗಿದ್ದರು.

ಓದಿನ ಕ್ರಮದ ಬಗ್ಗೆ ಹೇಳುವುದಾದರೆ, ನೀವು '1984' ಓದಿರುವುದರಿಂದ ಈಗ ಹಿಂದಕ್ಕೆ ಹೋಗಿ 'ನಾವು' ಓದಿ. ಆಮೇಲೆ '1984'ರ ಕೊನೆಯಲ್ಲಿರುವ ನ್ಯೂಸ್ಪೀಕ್ ಎಂಬ ಪಕ್ಷದ ಹೊಸ ಭಾಷೆಯನ್ನು ಕುರಿತ ಅನುಬಂಧಕ್ಕೆ ಮರಳಿ. ಬಹಳ ಮಂದಿ ಅದನ್ನು ಓದದೆ ಬಿಡುತ್ತಾರೆ. ಅದು ಭೂತಕಾಲದಲ್ಲಿ, ಹಳೆಯ ಸಹಜ ಇಂಗ್ಲಿಷಿನಲ್ಲೇ ಇದೆ, ಎಂದರೆ ಪಕ್ಷ ಅಳಿದ ಮೇಲೆ ಯಾರೋ ಬರೆದಂತಿದೆ. ಅಂಥ ಓದಿಗೆ ಅವಕಾಶವಿದೆ ಎಂಬುದು ನನಗೆ ಮುಖ್ಯ. ಬಳಿಕ ಹಕ್ಸ್‌ಲಿ, ಆಟ್ವುಡ್ ಆಗಲಿ. ಬ್ರಾಡ್‌ಬರಿ ಯಾವಾಗ ಸಿಕ್ಕರೂ ಸರಿ.

ಕೊನೆಯದಾಗಿ, ಉಳಿದವೆಲ್ಲ ಮುಗಿದ ಮೇಲೆ, ಕಜುವೊ ಇಶಿಗುರೊ ಅವರ 2005ರ 'ನೆವರ್ ಲೆಟ್ ಮಿ ಗೋ' ತೆಗೆದುಕೊಳ್ಳಿ. ಅಂಗಾಂಗಗಳನ್ನು ಕೊಡುವುದಕ್ಕೆಂದೇ ಸೃಷ್ಟಿಸಿದ ತದ್ರೂಪಿ ಮಕ್ಕಳ ಕಥೆ ಅದು. ಬೆಳೆದ ಮೇಲೆ ಅವರಿಗೆ ಬೇಲಿಯಿಲ್ಲ, ಕಾವಲಿಲ್ಲ, ಹಿಂಬಾಲಿಸುವವರಿಲ್ಲ. ಕಾರಿನಲ್ಲಿ ಊರೂರು ತಿರುಗುತ್ತಾರೆ, ಆದರೂ ಯಾರೂ ಓಡಿಹೋಗುವುದಿಲ್ಲ. ನಿಜವಾಗಿ ಪ್ರೀತಿಸುವ ಜೋಡಿಗೆ ಅಂಗದಾನಕ್ಕೆ ಮುನ್ನ ಕೆಲವು ವರ್ಷಗಳ ವಾಯಿದೆ ಸಿಗುತ್ತದೆ, ಬಾಲ್ಯದಲ್ಲಿ ತಮ್ಮಿಂದ ಒಯ್ದ ಚಿತ್ರಗಳನ್ನು ನೋಡಿ ಯಾರೋ ತಮ್ಮ ಅಂತರಂಗವನ್ನು ಅಳೆಯುತ್ತಾರೆ ಎಂಬ ವದಂತಿಯನ್ನು ನಂಬಿ ಟಾಮಿ ಎಂಬ ಯುವಕ ಕಲ್ಪನೆಯ ಪ್ರಾಣಿಗಳ ಚಿತ್ರಗಳನ್ನು ಬರೆಯುತ್ತಾನೆ. ಅವನ್ನು ಚೀಲದಲ್ಲಿ ತುಂಬಿಕೊಂಡು, ತನ್ನ ಪ್ರೇಯಸಿ ಕ್ಯಾಥಿಯೊಡನೆ, ಬಾಲ್ಯದ ಆ ಚಿತ್ರಗಳನ್ನು ಒಯ್ಯುತ್ತಿದ್ದ ಹೆಂಗಸಿನ ಮನೆಯ ಬಾಗಿಲಿಗೆ ಹೋಗುತ್ತಾನೆ. ಅಂಥ ವಾಯಿದೆ ಎಂದೂ ಇರಲಿಲ್ಲ, ಚಿತ್ರಗಳಲ್ಲಿ ಪ್ರೀತಿಯ ಪುರಾವೆಯನ್ನು ಯಾರೂ ಹುಡುಕುತ್ತಿರಲಿಲ್ಲ ಎಂದು ಅವರಿಗೆ ಅಲ್ಲಿ ತಿಳಿಯುತ್ತದೆ. ಹಿಂದಿರುಗುವಾಗ ಟಾಮಿ ಕತ್ತಲಲ್ಲಿ ಕಾರನ್ನು ನಿಲ್ಲಿಸಲು ಹೇಳಿ ಇಳಿಯುತ್ತಾನೆ, ಬಯಲಿ‌ನ ನಡುವೆ ನಿಂತು ಅರಚುತ್ತಾನೆ. ಅಲ್ಲಿ ಅವನನ್ನು ನೋಡುವವಳು, ಕೆಸರಿನಲ್ಲಿ ಹಾದು ಹೋಗಿ ಗಟ್ಟಿಯಾಗಿ ಹಿಡಿದುಕೊಳ್ಳುವವಳು ಕ್ಯಾಥಿ ಒಬ್ಬಳೇ.